ನಮ್ಮ ಭಾವನ ಕೆಸರು

ನಮ್ಮ ದೊಡ್ಡಭಾವ ಹಲ್ಲು ಮಾಡುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಅಳತೆ ತೆಗೆದು ಕಳಿಸಿದ ಮೇಲೆ ಲ್ಯಾಬಿನಲ್ಲಿ ಕೂತು ಪಿಂಗಾಣಿಯಲ್ಲಿ ಹಲ್ಲು ಕಟ್ಟುವವರು. ಕಟ್ಟಿದ ಹಲ್ಲು ಹೊಸದಾಗಿ ಪಳಪಳ ಅಂದರೆ ಕೆಲಸ ಕೆಟ್ಟಿತು ಅಂತ ಲೆಕ್ಕ. ಬಾಯಲ್ಲಿ ಮೊದಲೇ ಇರುವ ಹಳೆಯ ಹಲ್ಲುಗಳ ಜೊತೆ ಅದು ಹೊಂದಿಕೊಂಡು ಹೋಗಬೇಕು. ಅದಕ್ಕೆ ಅವರು ಎಣಿಸಿದಷ್ಟೇ ಕೂದಲಿರುವ ಬ್ರಷ್ ಹಿಡಿದು, ಬುಡಕ್ಕೆ ತುಸು ಹಳದಿ, ಅಂಚಿಗೆ ತುಸು ಬೂದಿ ಬಣ್ಣ ತಾಗಿಸಿ, ನಡುವೆ ಕಂಡೂ ಕಾಣದ ಹಾಗೆ ಒಂದು ಬಿರುಕು ಬರೆದು ಕುಲುಮೆಗೆ ಇಡುತ್ತಾರೆ. ಮದುವೆಯಾದ ಹೊಸದರಲ್ಲಿ ದೊಡ್ಡಕ್ಕ ನಕ್ಕಾಗಲೆಲ್ಲ ಭಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರಂತೆ. "ನನ್ನ ನಗು ಅಂದ್ರೆ ಇವರಿಗೆ ಪ್ರಾಣ ಅಂದ್ಕೊಂಡಿದ್ದೆ ಕಣೆ. ಆಮೇಲೆ ಗೊತ್ತಾಯ್ತು, ಮೇಲಿನ ಸಾಲಿನ ಹಲ್ಲಿನ ಬಣ್ಣ ನೋಡ್ತಿದ್ರು" ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಲ್ಯಾಬಿನಿಂದ ಮನೆಗೆ ಬಂದರೆ ಟ್ಯಾಂಕು. ಅಂಗೈ ಮೇಲೆ ಕೂರುವಷ್ಟು ಚಿಕ್ಕ ಯುದ್ಧದ ಟ್ಯಾಂಕುಗಳ ಮಾದರಿ ಮಾಡುವುದು ಅವರ ಹವ್ಯಾಸ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ, ಮೇಲೆ ಬಣ್ಣ ಊದಿ, ಆಮೇಲೆ ಅದು ಕಾಡುಮೇಡು ಅಲೆದು ಬಂದಂತೆ ಕಾಣಲು ತುಕ್ಕು, ಗೀರು, ಎಣ್ಣೆ ಕಲೆ, ಧೂಳು, ಕೆಸರು ಎಲ್ಲ ಹಚ್ಚಬೇಕು. ಈ ಹಳತು ಮಾಡುವ ಕೆಲಸವೇ ಅದರಲ್ಲಿ ಮುಖ್ಯ. ಹೊಸ ಟ್ಯಾಂಕನ್ನು ಯಾರು ಬೇಕಾದರೂ ಮಾಡಬಹುದು ಎಂದು ಭಾವ ಹೇಳುತ್ತಿದ್ದರು.

ಇವರಂಥವರದ್ದೇ ಒಂದು ಸಂಘ ಇತ್ತು. ನಾನು ಕೆಲಸ ಮಾಡುವ ಲೈಬ್ರರಿಯ ಮಹಡಿ ಮೇಲಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದರು. ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿದ್ದುದರಿಂದ ಬೇಕೋ ಬೇಡವೋ ಅವರ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಮೆಟ್ಟಿಲಿನ ಪಕ್ಕ ಗೋಡೆಯಲ್ಲಿ ಒಂದು ಗಾಜಿನ ಗೂಡು. ಒಳಗೆ ಒಂದು ಚಿಕ್ಕ ಬಲ್ಬು. ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ಗೆದ್ದ ಮಾದರಿಯೊಂದೇ ಅದರಲ್ಲಿ ಕೂರುವುದು, ಮುಂದಿನ ಸ್ಪರ್ಧೆಯವರೆಗೆ. ಕಪ್ ಇಲ್ಲ, ಪದಕ ಇಲ್ಲ, ಅದೊಂದು ಗೂಡೇ ಬಹುಮಾನ.

ಎಷ್ಟೋ ವರ್ಷ ಆ ಗೂಡು ನಮ್ಮ ದೊಡ್ಡಭಾವನ ಸ್ವಂತ ಮನೆಯಂತೆ ಇತ್ತು. ಲ್ಯಾಬಿನಿಂದ ಮನೆಗೆ ಹೋಗಲು ಬೇರೆ ಹತ್ತಿರದ ದಾರಿ ಇದ್ದರೂ ದಿನಾ ಸಂಜೆ ಲೈಬ್ರರಿಗೆ ಬಂದು, ಪೇಪರ್ ಓದುವ ನೆಪ ಮಾಡಿ, ಮೆಟ್ಟಿಲ ಹತ್ತಿರ ನಿಂತು ತಮ್ಮ ಟ್ಯಾಂಕನ್ನು ತಾವೇ ನೋಡಿಕೊಂಡು ಹೋಗುತ್ತಿದ್ದರು. ಸಂಘದವರು ಅವರನ್ನು "ಡಾಕ್ಟ್ರು" ಎನ್ನುತ್ತಿದ್ದರು. ಅಲ್ಲ ಎಂದು ಭಾವ ಒಮ್ಮೆಯೂ ತಿದ್ದಲಿಲ್ಲ.

ಅವರ ಟ್ಯಾಂಕುಗಳು ಚೆನ್ನಾಗಿಯೇ ಇರುತ್ತಿದ್ದವು. ಆದರೆ ನನ್ನದೊಂದು ಮಾತು. ಅವುಗಳ ಕೊಳೆ ಕೂಡ ತೊಳೆದಿಟ್ಟ ಹಾಗೆ ಇರುತ್ತಿತ್ತು. ಹಲ್ಲಿಗೆ ಕಾಣದ ಹಾಗೆ ಕಲೆ ಹಾಕಿ ಅಭ್ಯಾಸವಾದ ಕೈ, ಟ್ಯಾಂಕಿಗೂ ಹಾಗೆಯೇ ಹಾಕುತ್ತಿತ್ತು. ಒಂದೊಂದು ಗೀರೂ ತನ್ನ ಜಾಗದಲ್ಲಿ ಕೈಕಟ್ಟಿ ನಿಂತಿರುತ್ತಿತ್ತು. ಒಮ್ಮೆ ಇದನ್ನು ಹೇಳಿದ್ದಕ್ಕೆ "ನಿನಗೇನು ಗೊತ್ತು, ಪುಸ್ತಕದ ಧೂಳು ಹೊಡೆಯೋಳಿಗೆ" ಎಂದರು. ಧೂಳಿನ ವಿಷಯ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು ಎಂದು ನಾನೂ ಬಿಡಲಿಲ್ಲ.

ಇನ್ನು ನಮ್ಮ ಚಿಕ್ಕಭಾವ. ಇವರು ಎರಡನೇ ಅಕ್ಕನ ಗಂಡ, ದೊಡ್ಡಭಾವನಿಗೆ ಷಡ್ಡಕ. ಹಾಸಿಗೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿಗಳ ಎದುರು ಹಾಸಿಗೆ ಮೇಲೆ ಮಲಗಿ, ಹೊರಳಾಡಿ, ಇದರಷ್ಟು ಸುಖ ಇನ್ನೊಂದಿಲ್ಲ ಎಂದು ತೋರಿಸುವುದೇ ಅವರ ಕೆಲಸ. ಕೆಲವು ಸಲ ನಿಜವಾಗಿಯೇ ನಿದ್ದೆ ಹೋಗಿಬಿಡುತ್ತಿದ್ದರಂತೆ. ಆ ದಿನಗಳಲ್ಲೇ ವ್ಯಾಪಾರ ಹೆಚ್ಚು ಆಗುತ್ತಿತ್ತಂತೆ. ಅವರದು ಅಂಥ ಅದೃಷ್ಟ. ಬಸ್ಸಿಗೆ ತಡವಾಗಿ ಹೋದರೆ ಬಸ್ಸೇ ತಡವಾಗಿ ಬರುತ್ತಿತ್ತು.

ಸಂಘ ಇಲ್ಲದ ಒಂದು ಭಾನುವಾರ ನಾವೆಲ್ಲ ದೊಡ್ಡಕ್ಕನ ಮನೆಯಲ್ಲಿ ಸೇರಿದ್ದೆವು. ಅಕ್ಕಂದಿರಿಬ್ಬರೂ ಒಳಗೆ ಹರಟುತ್ತಿದ್ದಾಗ ಹೊತ್ತು ಹೋಗದೆ ಚಿಕ್ಕಭಾವ ದೊಡ್ಡಭಾವನ ಮೇಜಿನ ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, "ಅಣ್ಣಾ, ನಾನೂ ಒಂದು ಮಾಡ್ಲಾ?" ಎಂದರು. ದೊಡ್ಡಭಾವ ದೊಡ್ಡ ಮನಸ್ಸು ಮಾಡಿ ಒಂದು ಹಳೆಯ ಡಬ್ಬಿ ತೆಗೆದುಕೊಟ್ಟರು. ಅದರಲ್ಲಿ ಎರಡು ಚಕ್ರ ಕಳೆದುಹೋಗಿತ್ತು. ಚಿಕ್ಕಭಾವನಿಗೆ ಅದು ಗೊತ್ತೇ ಆಗಲಿಲ್ಲ. ಹೊರಡುವಾಗ ಅವರ ಕಣ್ಣು ಕಿಟಕಿ ಹತ್ತಿರದ ಗಾಜಿನ ಭರಣಿ ಮೇಲೆ ಬಿತ್ತು. ದೊಡ್ಡಭಾವ ಬ್ರಷ್ ತೊಳೆಯುತ್ತಿದ್ದ ಟರ್ಪೆಂಟೈನ್ ಅದು. ಹಸಿರು, ಕಂದು, ಕಪ್ಪು, ಬೂದಿ, ಏನೇನು ಬಣ್ಣ ಮುಟ್ಟಿದ್ದರೋ ಎಲ್ಲ ಅದರಲ್ಲಿ ಸೇರಿತ್ತು. ತಳದಲ್ಲಿ ಬೆರಳು ದಪ್ಪ ಗಸಿ ಕೂತಿತ್ತು.

"ಇದೇನ್ ಮಾಡ್ತೀರಣ್ಣಾ?"

"ಏನ್ ಮಾಡೋದು, ಚೆಲ್ಲೋದು."

"ಅಯ್ಯೋ, ಚೆಲ್ಬೇಡಿ, ನಂಗೆ ಕೊಡಿ. ಬ್ರಷ್ ತೊಳ್ಕೊಳ್ಳೋಕೆ ಸಾಕು."

"ಥೂ, ಗಲೀಜು. ತಗೊಂಡ್ಹೋಗಿ."

ಹೀಗೆ ನನ್ನ ಕಣ್ಣೆದುರಿಗೇ ಆ ಭರಣಿ ಚಿಕ್ಕಭಾವನ ಮನೆ ಸೇರಿತು.

ಆ ವರ್ಷದ ಸ್ಪರ್ಧೆಗೆ ಚಿಕ್ಕಭಾವನೂ ಒಂದು ಟ್ಯಾಂಕು ತಂದರು, ಟವೆಲಿನಲ್ಲಿ ಸುತ್ತಿಕೊಂಡು. ಹಸಿರು ಬಣ್ಣ ಒಂದೇ ಸಮ ಇರಲಿಲ್ಲ. ಒಂದು ಬಾಗಿಲು ಸೊಟ್ಟಗಿತ್ತು. ಚಕ್ರ ಇಲ್ಲದ ಕಡೆ ಮುಚ್ಚಿಹೋಗುವ ಹಾಗೆ ಕೆಸರು ಮೆತ್ತಿದ್ದರು. ಆ ಕೆಸರು ನೋಡಿದೆ ನೋಡಿ, ನಾನು ಕೈಯಲ್ಲಿದ್ದ ಬೀಗದ ಗೊಂಚಲನ್ನು ಮೇಜಿನ ಮೇಲೆ ಇಟ್ಟೆ. ಕೆಳಗೆ ಕಪ್ಪಗೆ ಹಸಿಯಾಗಿ, ಮೇಲೆ ಒಣಗಿ ಬೂದಿಯಾಗಿ, ಚಕ್ರದ ಸಂದಿಯಲ್ಲಿ ಹೆಪ್ಪುಗಟ್ಟಿ, ಪಕ್ಕದ ತಗಡಿನ ಮೇಲೆ ಹಾರಿ ಬಿದ್ದು, ಎಲ್ಲೋ ಹಳ್ಳ ದಾಟಿ ಈಗತಾನೇ ಬಂದು ನಿಂತಿದೆ ಎನ್ನಬೇಕು. ಅದರ ಪಕ್ಕದಲ್ಲಿ ದೊಡ್ಡಭಾವನ ಟ್ಯಾಂಕು ಇತ್ತು. ಪಾಪ, ಇಸ್ತ್ರಿ ಮಾಡಿದ ಹಾಗೆ ಕಾಣಿಸಿತು.

ಸಂಘದ ಹಿರಿಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ತೀರ್ಪು ಅವರದೇ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ, ಸುಮ್ಮನೆ ಚಿಕ್ಕಭಾವನ ಬೆನ್ನು ತಟ್ಟಿದರು. ದೊಡ್ಡಭಾವನಿಗೆ ಗೂಡು ಕೈತಪ್ಪಿತು.

ಸಂಘದಲ್ಲಿ ಒಂದು ರೂಢಿ ಇದೆ. ಗೆದ್ದವನು ಮಾದರಿಯನ್ನು ಗೂಡಿಗಿಡುವ ಮೊದಲು ಕೈಯಲ್ಲಿ ಹಿಡಿದು ನಿಂತು, ಅದನ್ನು ಹೇಗೆ ಮಾಡಿದೆ ಎಂದು ಎಲ್ಲರಿಗೂ ಹೇಳಬೇಕು. ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ. ಚಿಕ್ಕಭಾವ ನಿಂತರು. ತಲೆ ಕೆರೆದುಕೊಂಡರು.

"ಏನಿಲ್ಲ... ಬ್ರಷ್ ತೊಳೆದ ಟರ್ಪೆಂಟೈನ್ ಭರಣಿ ಒಂದಿತ್ತು. ತಳದಲ್ಲಿ ಗಸಿ ಕೂತಿತ್ತು. ಬ್ರಷ್ ಅದ್ದಿದಾಗ ಅದು ಮೆತ್ಕೊಂಡು ಬಂತು, ಹಾಗೇ ಚಕ್ರಕ್ಕೆ ಒರೆಸ್ಬಿಟ್ಟೆ. ಚೆನ್ನಾಗಿ ಕಾಣ್ತು. ಎಲ್ಲಾ ಕಡೆ ಒರೆಸ್ದೆ. ಆ ಭರಣಿ ಇದೆಯಲ್ಲ, ಅದು ನಮ್ಮ..."

ಇಷ್ಟು ಹೇಳಿ ನಗುತ್ತಾ ದೊಡ್ಡಭಾವನ ಕಡೆ ತಿರುಗಿದರು. ನಾನು ಬಾಗಿಲ ಹತ್ತಿರ ಇದ್ದೆ, ಸರಿಯಾಗಿ ನೋಡಿದೆ. ದೊಡ್ಡಭಾವನ ಮುಖ ಸುಣ್ಣವಾಗಿತ್ತು. ಬೇಡ ಎಂದು ತಲೆ ಆಡಿಸಿದರು, ಒಂದೇ ಒಂದು ಸಲ, ಹಲ್ಲಿಗೆ ಬಿರುಕು ಬರೆದಷ್ಟು ಸಣ್ಣಗೆ. ತಾವು ಚೆಲ್ಲುವ ಗಲೀಜು ತಾವು ವರ್ಷವಿಡೀ ಮಾಡಿದ ಟ್ಯಾಂಕನ್ನು ಸೋಲಿಸಿತು ಎಂದು ಇಡೀ ಸಂಘಕ್ಕೆ ಗೊತ್ತಾಗುವುದು ಅವರಿಗೆ ಬೇಡವಾಗಿತ್ತು. ಚಿಕ್ಕಭಾವನಿಗೆ ಅದೆಲ್ಲ ಹೊಳೆಯಲಿಲ್ಲ, ಆದರೆ ಅಣ್ಣ ಬೇಡ ಎಂದ ಮೇಲೆ ಬೇಡ. "...ನಮ್ಮ ಮನೇಲೇ ಇತ್ತು" ಎಂದು ಮುಗಿಸಿ ಕೂತರು.

ಅವತ್ತಿನಿಂದ ದೊಡ್ಡಭಾವನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಬೇರೆ ಮಾತು ಹುಡುಕುವುದಕ್ಕೆ ನಾನು ಹೋಗುವುದಿಲ್ಲ, ಹೊಟ್ಟೆಕಿಚ್ಚೇ. ಕಂಡವರ ಟ್ಯಾಂಕಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದರೋ ಏನೋ. ಇದು ಮನೆಯೊಳಗಿನ ಮನುಷ್ಯ, ಮೇಲಾಗಿ ತಮ್ಮದೇ ಭರಣಿ. ಚಿಕ್ಕಭಾವ ಅಂಗಡಿಯಿಂದ ಒಳ್ಳೆ ರಿಯಾಯಿತಿಯಲ್ಲಿ ಕೊಡಿಸಿದ್ದ ಹಾಸಿಗೆ ಇದ್ದಕ್ಕಿದ್ದಂತೆ ಅವರ ಬೆನ್ನಿಗೆ ಆಗದೆ ಹೋಯಿತು. ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು.

"ಇಷ್ಟು ವರ್ಷ ಇಲ್ಲದ ಬೆನ್ನುನೋವು ಈಗೆಲ್ಲಿಂದ ಬಂತು?" ಎಂದು ದೊಡ್ಡಕ್ಕ ಕೇಳಿದರೆ, "ಆ ಮನುಷ್ಯ ಮಾಡೋದೆಲ್ಲ ಮೇಲೆ ಚೆಂದ, ಒಳಗೆ ಟೊಳ್ಳು" ಎಂದರಂತೆ.

"ಹಾಸಿಗೆ ಅವರು ಮಾಡಿದ್ದಲ್ಲ, ಮಾರಿದ್ದು" ಎಂದು ಅಕ್ಕ ಹೇಳಿ, ಇಡೀ ಹಾಸಿಗೆ ತನಗೇ ಸಿಕ್ಕಿತೆಂದು ಕೈಕಾಲು ಚಾಚಿ ಮಲಗಿದಳು.

ಲೈಬ್ರರಿಗೆ ಬರುವುದನ್ನು ಮಾತ್ರ ಭಾವ ಬಿಡಲಿಲ್ಲ. ಮೊದಲು ತಮ್ಮದನ್ನು ನೋಡಲು ಬರುತ್ತಿದ್ದವರು ಈಗ ಷಡ್ಡಕನದನ್ನು ನೋಡಲು ಬರುತ್ತಿದ್ದರು. ಲ್ಯಾಬಿನ ಭೂತಗನ್ನಡಿ ಜೇಬಿನಿಂದ ತೆಗೆದು ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ದೂರು.

"ಆ ಬಾಗಿಲು ಸೊಟ್ಟಗಿದೆ, ನೋಡಿದ್ಯಾ?"

"ನೋಡ್ದೆ ಭಾವ."

"ಎರಡು ಚಕ್ರವೇ ಇಲ್ಲ."

"ಅದನ್ನ ಕಳೆದವರು ಯಾರು?"

ಭಾವ ಸ್ವಲ್ಪ ಹೊತ್ತು ಪೇಪರ್ ಮಡಚಿ ಬಿಚ್ಚಿ ಮಾಡಿ, "ಆ ಬಲ್ಬು ಯಾಕೆ ಸುಮ್ನೆ ಉರೀತಿದೆ? ಆರ್ಸು. ಬಣ್ಣ ಮಂಕಾಗುತ್ತೆ" ಎಂದರು.

"ಉರೀತಿರೋದು ಬಲ್ಬು ಒಂದೇ ಅಲ್ಲ ಬಿಡಿ ಭಾವ" ಎಂದೆ. ದುರುಗುಟ್ಟಿ ನೋಡಿ ಎದ್ದು ಹೋದರು. ನಾನು ಬಲ್ಬು ಆರಿಸಲಿಲ್ಲ.

ಮನೆಯಲ್ಲಿ ಅವರು ಗುಟ್ಟಾಗಿ ಕೆಸರು ಮಾಡಲು ಕೂತರು. ಹಸಿರು ಇಷ್ಟು ಹನಿ, ಕಂದು ಇಷ್ಟು ಹನಿ ಎಂದು ಹಲ್ಲಿನ ಬಣ್ಣ ಬೆರೆಸುವ ಹಾಗೆ ಬೆರೆಸಿದರು. ಬಂದದ್ದು ಒಂದೇ ಸಮನಾದ ಕಂದು ಬಣ್ಣ. ಚೀಟಿಯ ಮೇಲೆ ಹಚ್ಚಿ ಒಣಗಿಸಿದರೆ ಬಾಗಿಲಿಗೆ ಹೊಡೆಯುವ ಪೇಂಟಿನ ಹಾಗೆ ಕಾಣುತ್ತಿತ್ತು. ಮತ್ತೆ ಬೆರೆಸಿದರು. ಮತ್ತೆ ಅದೇ. ಹೂಕುಂಡದ ಮಣ್ಣನ್ನು ಜರಡಿ ಹಿಡಿದು ಹಾಕಿ ನೋಡಿದರು. ಜರಡಿ ಹಿಡಿದ ಮೇಲೆ ಅದೂ ಮರ್ಯಾದಸ್ತ ಮಣ್ಣಾಗಿಬಿಟ್ಟಿತು. ಅಕ್ಕ ತನ್ನ ಜರಡಿಗಾಗಿ ಮನೆಯೆಲ್ಲ ಹುಡುಕಿ, ಅದು ಸಿಕ್ಕಿದ ಜಾಗ ನೋಡಿ, ಆಡಬಾರದ್ದೆಲ್ಲ ಆಡಿದಳು.

ಅಷ್ಟರಲ್ಲಿ ಕಿಟಕಿ ಹತ್ತಿರ ಹೊಸ ಭರಣಿ ಇತ್ತು. ಭಾವ ಅದನ್ನು ಚೆಲ್ಲಿರಲಿಲ್ಲ. ಸ್ಪರ್ಧೆ ಸೋತ ಮೇಲೆ ಬಳಸಿದ ಬಣ್ಣವೆಲ್ಲ, ಕೆಟ್ಟ ಕೆಸರುಗಳೆಲ್ಲ, ಸಿಟ್ಟಿನಲ್ಲಿ ತೊಳೆದ ಬ್ರಷ್‌ಗಳ ಕೊಳೆಯೆಲ್ಲ ಅದರ ತಳ ಸೇರಿತ್ತು. ಅದರ ಕಡೆ ನೋಡಿದರೂ ಅವರಿಗೆ ಆಗುತ್ತಿರಲಿಲ್ಲ. ಅದನ್ನು ಬಳಸಿದರೆ ಷಡ್ಡಕನನ್ನು ಕಾಪಿ ಹೊಡೆದ ಹಾಗೆ. ಚೆಲ್ಲಿದರೆ ಗೂಡು ಚೆಲ್ಲಿದ ಹಾಗೆ.

ಮುಂದಿನ ಸ್ಪರ್ಧೆ ಹತ್ತಿರ ಬಂದಾಗ ಚಿಕ್ಕಭಾವ ಖಾಲಿ ಭರಣಿ ಹಿಡಿದು ಹಾಜರಾದರು. ನಾನೂ ಅವತ್ತು ಅಲ್ಲೇ ಇದ್ದೆ.

"ಅಣ್ಣಾ, ನಿಮ್ಮ ಗಲೀಜು ಸ್ವಲ್ಪ ಕೊಡ್ತೀರಾ? ಈ ಸಲಾನೂ ಒಂದು ಮಾಡೋಣ ಅಂತ."

ದೊಡ್ಡಭಾವ ಎರಡೂ ಭರಣಿ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಅಕ್ಕ ಅಡುಗೆಮನೆ ಕಿಟಕಿಯಿಂದ ಇಣುಕಿ ನೋಡಿ ನನ್ನ ಕಿವಿಯಲ್ಲಿ, "ನನ್ನ ತೆಳ್ಳನೆ ಬಟ್ಟೆಯಲ್ಲಿ ಸೋಸ್ತಿದ್ದಾರೆ ಕಣೆ!" ಎಂದಳು. ಹೌದು, ಮೇಲಿನ ತಿಳಿಯನ್ನಷ್ಟೇ ಸೋಸಿ ಚಿಕ್ಕಭಾವನ ಭರಣಿಗೆ ತುಂಬಿದರು. ತಳದ ಗಸಿ ಒಂದು ಚಮಚದಷ್ಟೂ ಹೋಗದಂತೆ ನೋಡಿಕೊಂಡರು. ಇಷ್ಟು ಜಿಪುಣತನ ಅವರಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಚಿಕ್ಕಭಾವ ಭರಣಿಯನ್ನು ಬೆಳಕಿಗೆ ಹಿಡಿದರು. "ಆಹಾ, ಎಷ್ಟು ತಿಳಿಯಾಗಿದೆ! ನಂಗೋಸ್ಕರ ಕೂತ್ಕೊಂಡು ಸೋಸಿದ್ರಾ ಅಣ್ಣಾ? ನಿಮ್ಮಷ್ಟು ಒಳ್ಳೇವ್ರು ಯಾರಿದ್ದಾರೆ ಹೇಳಿ."

ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು. ಅಕ್ಕ ನಗು ತಡೆಯಲಾರದೆ ಒಳಗೆ ಓಡಿದಳು.

ಮುಂದಿನ ರಜಾದಿನ ಮಧ್ಯಾಹ್ನ ದೊಡ್ಡಭಾವ ತಮ್ಮ ಟ್ಯಾಂಕನ್ನು ಮುಂದಿಟ್ಟುಕೊಂಡು ಕೂತರು. ತಿಂಗಳುಗಟ್ಟಲೆ ಮಾಡಿದ ಟ್ಯಾಂಕು ಅದು. ಸೀಳು ಸೀಳಿಗೂ ಕಪ್ಪು ಇಳಿಸಿ, ಸ್ಪಂಜಿನ ಚೂರಿನಿಂದ ಅಂಚುಗಳಿಗೆ ಗೀರು ಒತ್ತಿ, ಹೊಗೆ ಕೊಳವೆಗೆ ತುಕ್ಕು ಕೂರಿಸಿ, ಕಾಪಾಡಲು ವಾರ್ನಿಷ್ ಊದಿದ್ದರು. ಅದರ ಮೇಲೆ ಆ ಗಸಿ ಬಳಿಯಬೇಕು. ಬ್ರಷ್ ಎತ್ತಿ ಇಳಿಸಿ ಎತ್ತಿ ಇಳಿಸಿ, ಕೊನೆಗೆ ಬ್ರಷ್ ಬಿಸಾಕಿ ಹಳೆಯ ಹಲ್ಲುಜ್ಜುವ ಬ್ರಷ್ ತಂದರಂತೆ. ಅದನ್ನು ಗಸಿಯಲ್ಲಿ ಅದ್ದಿ, ಹೆಬ್ಬೆರಳಿನಿಂದ ಅದರ ಕೂದಲನ್ನು ಹಿಂದಕ್ಕೆ ಬಗ್ಗಿಸಿ ಬಿಟ್ಟರು. ಚಟ್ ಎಂದು ಕೆಸರು ಹಾರಿತು. ಟ್ಯಾಂಕಿನ ಮೇಲೆ, ಮೇಜಿನ ಮೇಲೆ, ಕನ್ನಡಕದ ಮೇಲೆ. ಮತ್ತೊಮ್ಮೆ ಬಿಟ್ಟರು. ಆಮೇಲೆ ಬೆರಳಲ್ಲೇ ಬಾಚಿ ಚಕ್ರದ ಸಂದಿಗೆ ತುರುಕಿದರು. ಅಕ್ಕ ಊಟಕ್ಕೆ ಕರೆದು ಕರೆದು ಗಂಟಲು ಒಣಗಿಸಿಕೊಂಡಳು.

ಸಂಜೆ ನನಗೆ ಫೋನು. "ಬಾ. ಈಗ್ಲೇ ಬಾ."

ಹೋದೆ. ಮೂಗಿನ ಮೇಲೆ ಕೆಸರು, ಅಂಗಿ ತೋಳಿಗೆ ಕೆಸರು. ಟ್ಯಾಂಕನ್ನು ಕಿಟಕಿ ಬೆಳಕಿಗೆ ತಿರುಗಿಸಿ ನನ್ನ ಮುಂದಿಟ್ಟರು. ನಾನು ತಮಾಷೆ ಮಾಡಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅಷ್ಟು ಚೆನ್ನಾಗಿತ್ತು. ಅವರ ಅಚ್ಚುಕಟ್ಟಾದ ಗೀರುಗಳೆಲ್ಲ ಆ ಕೆಸರಿನ ಅಡಿಯಿಂದ ಅಲ್ಲಲ್ಲಿ ಇಣುಕುತ್ತಿದ್ದವು. ಅದರಿಂದ ಗೀರಿಗೂ ಜೀವ ಬಂದಿತ್ತು, ಕೆಸರಿಗೂ ಜೀವ ಬಂದಿತ್ತು. ಚಿಕ್ಕಭಾವನ ಟ್ಯಾಂಕು ಇದರ ಮುಂದೆ ಏನೂ ಅಲ್ಲ.

"ಭಾವ, ಇದು ನೀವು ಮಾಡಿದ್ದರಲ್ಲೆಲ್ಲ ಚೆನ್ನಾಗಿರೋದು" ಎಂದೆ. ಬಾಯಿತುಂಬ ನಕ್ಕರು. ಅವರು ಹಾಗೆ ನಕ್ಕಿದ್ದು ನೋಡಿ ಬಹಳ ಕಾಲವಾಗಿತ್ತು. ಅವತ್ತು ಹಾಸಿಗೆ ಮೇಲೆಯೇ ಮಲಗಿದರು ಎಂದು ಅಕ್ಕ ಆಮೇಲೆ ಗೊಣಗಿದಳು.

ಸ್ಪರ್ಧೆಯ ದಿನ ಚಿಕ್ಕಭಾವ ಅದೇ ಟವೆಲಿನಲ್ಲಿ ಟ್ಯಾಂಕು ತಂದರು. ತಿಳಿ ಟರ್ಪೆಂಟೈನಿನಲ್ಲಿ ಕೆಸರೆಲ್ಲಿಂದ ಬರಬೇಕು? ಬರೀ ಹಸಿರು, ಅಂಗಡಿಯ ಆಟಿಕೆಯ ಹಾಗಿತ್ತು. ಅವರಿಗೆ ಅದರ ಚಿಂತೆಯೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತು ಸಣ್ಣಗೆ ತೂಕಡಿಸುತ್ತಿದ್ದರು.

ಡ್ರಾಯಿಂಗ್ ಮೇಷ್ಟ್ರು ದೊಡ್ಡಭಾವನ ಟ್ಯಾಂಕಿನ ಮುಂದೆ ಬಹಳ ಹೊತ್ತು ನಿಂತರು. "ಈ ಸಲ ಡಾಕ್ಟ್ರೇ. ಎರಡನೇ ಮಾತೇ ಇಲ್ಲ" ಎಂದರು. ಚಪ್ಪಾಳೆ ಬಿತ್ತು. ಚಿಕ್ಕಭಾವ ಎಚ್ಚರವಾಗಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ದೊಡ್ಡಭಾವನ ಕಿವಿವರೆಗೂ ಸಂತೋಷ ಏರಿತ್ತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಬಾರದಿತ್ತೇ? "ಒಂದು ಮಾತು ಹೇಳ್ಲೇಬೇಕು" ಎಂದು ಮುಂದುವರಿಸಿದರು. "ಕಲಿಯೋಕೆ ವಯಸ್ಸಿಲ್ಲ, ನಾಚಿಕೆಯೂ ಇರಬಾರದು. ಷಡ್ಡಕರ ಕೆಸರನ್ನ ಡಾಕ್ಟ್ರು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ನೋಡಿ! ಥೇಟ್ ಅವರದೇ ಕೈ!"

"ಹೌದು, ನೋಡಿದ ಕೂಡ್ಲೇ ಅಂದ್ಕೊಂಡೆ" ಎಂದು ಹಿಂದಿನಿಂದ ಯಾರೋ ಅಂದರು.

ದೊಡ್ಡಭಾವ ಟ್ಯಾಂಕನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ರೂಢಿಯಂತೆ ಅವರು ಈಗ ಹೇಳಬೇಕು.

"ಬ್ರಷ್ ತೊಳೆದ ಭರಣಿಯ ಗಸಿ..."

"ಅದು ಗೊತ್ತು ಬಿಡಿ ಡಾಕ್ಟ್ರೇ, ಹೋದ ವರ್ಷ ಅವರು ಹೇಳಿದ್ರಲ್ಲ!" ಎಂದು ಯಾರೋ ನಡುವೆ ಬಾಯಿ ಹಾಕಿದರು.

"ಅಲ್ಲ. ಹೋದ ವರ್ಷದ ಗಸೀನೂ ನಂದೇ." ದನಿ ಏರಿತ್ತು. "ಆ ಭರಣಿ ನಂದು. ನಾನು ಕೊಟ್ಟಿದ್ದು. ಆ ಕೆಸರು ಮೊದಲಿಂದ್ಲೂ ನಂದು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೂಡು ಸಿಕ್ಕ ಮೇಲೂ ಈ ಮನುಷ್ಯನಿಗೆ ಸಾಲದು, ಹೋದ ವರ್ಷದ್ದೂ ಬೇಕು ಎಂದು ಅವರಿಗೆ ಅನ್ನಿಸುತ್ತಿದೆ ಎಂಬುದು ನನಗೆ ಬಾಗಿಲವರೆಗೂ ಕಾಣುತ್ತಿತ್ತು.

ಆಗ ಚಿಕ್ಕಭಾವ ಎದ್ದು ನಿಂತರು. ಬೇಡ ಎಂದದ್ದನ್ನು ಈಗ ಅಣ್ಣನೇ ಹೇಳಿದ ಮೇಲೆ ಅವರಿಗೇನು ಅಡ್ಡಿ? "ಹೌದು ಹೌದು, ಭರಣಿ ಅಣ್ಣಂದೇ. ಕೆಸರೂ ಅಣ್ಣಂದೇ. ನಂದೇನೂ ಇಲ್ಲ, ನಾನು ಸುಮ್ನೆ ಒರೆಸಿದ್ದು ಅಷ್ಟೇ. ಈ ಸಲವಂತೂ ನಂಗೋಸ್ಕರ ಕೂತು ಸೋಸಿ ಕೊಟ್ರು, ಗೊತ್ತಾ!"

ಮನಸಾರೆ, ಮುಖದ ತುಂಬ ನಗುತ್ತಾ ಹೇಳಿದರು. ಒಂದು ಅಕ್ಷರ ಸುಳ್ಳಿಲ್ಲ. ಆದರೆ ಒಬ್ಬರೂ ನಂಬಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಎಂಥಾ ದೊಡ್ಡ ಮನಸ್ಸು ರೀ ನಿಮ್ಮದು!" ಎಂದು ಚಿಕ್ಕಭಾವನ ಕೈ ಹಿಡಿದು ಕುಲುಕಿದರು. ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಈ ಸಲ ಅದು ಬಿದ್ದದ್ದು ಚಿಕ್ಕಭಾವನಿಗೆ.

ದೊಡ್ಡಭಾವ ನನ್ನ ಕಡೆ ನೋಡಿದರು. ಅವರಿಬ್ಬರನ್ನು ಬಿಟ್ಟರೆ ಆ ಭರಣಿ ಯಾರದೆಂದು ಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. "ಭಾವ ಹೇಳ್ತಿರೋದು ನಿಜ, ನಾನೇ ನೋಡಿದ್ದೀನಿ" ಎಂದು ಜೋರಾಗಿಯೇ ಕೂಗಿದೆ. "ನಾದಿನಿ ಅಲ್ವಾ, ದೊಡ್ಡಭಾವನ ಮಾನ ಉಳಿಸದೆ ಇರ್ತಾರಾ" ಎಂದು ಯಾರೋ ನಗಾಡಿದರು. ಚಪ್ಪಾಳೆಯಲ್ಲಿ ಅದೂ ಮುಳುಗಿತು.

ಗೂಡಿನ ಬಾಗಿಲು ತೆರೆದುಕೊಟ್ಟೆ. ಭಾವ ಟ್ಯಾಂಕನ್ನು ಒಳಗಿಟ್ಟರು. ತುಸು ಎಡಕ್ಕೆ ತಿರುಗಿಸಿ, ಮತ್ತೆ ಬಲಕ್ಕೆ ತಿರುಗಿಸಿ, ಕೈ ಹಿಂದೆ ತೆಗೆದುಕೊಂಡರು. ನಾನು ಸ್ವಿಚ್ ಹಾಕಿದೆ.

ಮರುದಿನ ಸಂಜೆ ಎಂದಿನಂತೆ ಬಂದರು. ಮೆಟ್ಟಿಲ ಹತ್ತಿರ ಆಗಲೇ ಇಬ್ಬರು ಕಾಲೇಜು ಹುಡುಗಿಯರು ನಿಂತು ಗಾಜಿನೊಳಗೆ ನೋಡುತ್ತಿದ್ದರು. "ಇದು ಆ ಹಾಸಿಗೆ ಅಂಗಡಿಯವರ ಕೆಸರಲ್ವಾ?" ಎಂದು ಒಬ್ಬಳು ಕೇಳಿದಳು. "ಅವರದೇ ಥರ, ಬೇರೆಯವರು ಮಾಡಿದ್ದಂತೆ" ಎಂದಳು ಇನ್ನೊಬ್ಬಳು. ಇಬ್ಬರೂ ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಾ ಇಳಿದು ಹೋದರು. ಭಾವ ಅವರು ನಿಂತಿದ್ದ ಜಾಗದಲ್ಲಿ ಹೋಗಿ ನಿಂತರು. ಭೂತಗನ್ನಡಿ ಹೊರಗೆ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದರು.

"ಆ ಬಲ್ಬು ಆರ್ಸಮ್ಮ" ಎಂದರು.

ನಾನು ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಆರಿಸಿದೆ.